ಸೋನುಬಾಯಿಯ ಸೊಂಟದ ನಾಯಿಮರಿ

ಸೋನುಬಾಯಿ ಬಸವಕಲ್ಯಾಣದ ಮನೆಮನೆಗೆ ಹೋಗಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಮ್ಮದು ಅವಳ ಕೊನೆಯ ಮನೆ. ಬರುವ ಹೊತ್ತಿಗೆ ಸೆರಗೆಲ್ಲ ಹಿಟ್ಟಾಗಿ, ಹೊಟ್ಟೆ ತುಂಬ ಓಣಿಯ ಸುದ್ದಿ ಇರುತ್ತಿತ್ತು. ಮೊದಲು ಚಹಾ ಬಸಿಗೆ ಸುರುವಿಕೊಂಡು ಕುಡಿಯಬೇಕು, ಆಮೇಲೆಯೇ ಹಿಟ್ಟು ನಾದುವ ಪರಾತಕ್ಕೆ ಕೈ. ತವರು ಬೇಮಳಖೇಡ. ಗಂಡ ತುಳಜಾರಾಮ ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡಿಕೊಂಡು ಅಲ್ಲಿಯೇ ಉಳಿಯುತ್ತಿದ್ದ. ಮಕ್ಕಳನ್ನೆಲ್ಲ ಅವಳು ಪರರ ಒಲೆಯ ಮುಂದೆಯೇ ಬೆಳೆಸಿದವಳು. ಕೂಸನ್ನು ಸೆರಗಿನಲ್ಲಿ ಸೊಂಟಕ್ಕೆ ಬಿಗಿದುಕೊಂಡು ರೊಟ್ಟಿ ಬಡಿಯಲು ಕುಳಿತರೆ, ಮೈ ಅಲುಗಿದಂತೆ ಕೂಸು ತಾನಾಗಿಯೇ ಮಲಗುತ್ತಿತ್ತಂತೆ. ತೊಟ್ಟಿಲು ಅಂದರೆ ಏನಂತ ನನ್ನ ಮಕ್ಕಳಿಗೆ ಗೊತ್ತಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ನಾನು ಗುಲ್ಬರ್ಗಾದಲ್ಲಿ ಕಲಿತು ಇಲ್ಲಿಗೆ ಸೊಸೆಯಾಗಿ ಬಂದವಳು. ನನ್ನ ಕೈಯಲ್ಲಿ ರೊಟ್ಟಿ ಹರಿಯುತ್ತಿತ್ತು. "ಸಾಲಿ ಕಲ್ತ ಕೈರಿ ಇವು, ಹಿಟ್ಟಿಗೂ ಅಂಜತಾವ" ಎಂದು ನಗುತ್ತಿದ್ದಳು. ಅಂಜುವುದೇನು, ಎರಡು ಸಾವಿರದ ಇಸವಿಯ ಆ ಮಳೆಗಾಲದಲ್ಲಿ ನಾನು ಎಲ್ಲಕ್ಕೂ ಅಂಜುತ್ತಿದ್ದೆ.

ನನ್ನ ಮಗಳು ಪೂನಂ ಬೇಸಿಗೆಯಲ್ಲಿ ಘಾಟಬೋರಾಳದ ನಮ್ಮ ಹೊಲದಲ್ಲಿ ಬಂಡಿಯಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಹೆದರಿ ಬೆರಳ ತುದಿಯನ್ನಷ್ಟೇ ನೆಲಕ್ಕೆ ಊರುತ್ತಿದ್ದಳು. ಹುಮನಾಬಾದಿನ ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದು, ದಿನಾ ನಡೆಸಿರಿ, ಹೀಗೇ ಬಿಟ್ಟರೆ ಹಿಂಬದಿಯ ನರ ಬಿಗಿದು ಹಿಮ್ಮಡಿ ಮುಂದೆಂದೂ ನೆಲಕ್ಕೆ ಮುಟ್ಟಲಿಕ್ಕಿಲ್ಲ, ಶ್ರಾವಣ ಮುಗಿಯುವುದರೊಳಗೆ ತಂದು ತೋರಿಸಿರಿ ಎಂದಿದ್ದರು. ಮಧ್ಯಾಹ್ನ ಅವಳು ಮಲಗಿದಾಗ ನಾನು ಎರಡೂ ಮೀನಖಂಡಕ್ಕೆ ದಾರ ಸುತ್ತಿ ಹೋಲಿಸಿ ನೋಡುತ್ತಿದ್ದೆ. ಎಡಗಾಲಿನ ದಾರ ಯಾವಾಗಲೂ ಗಿಡ್ಡ. ನಡೆಸಲು ಹೋದರೆ ಅವಳು ಅಳುವುದು, ಅತ್ತೆ ರುಕ್ಮಿಣಿಬಾಯಿ ಓಡಿಬಂದು ಎತ್ತಿಕೊಳ್ಳುವುದು. ಮಗಿನ್ನ ಯಾಕ ಗೋಳಾಡಸ್ತಿ ಅಂತ ನನಗೇ ಬೈಗುಳ.

ಆಗ ನನ್ನ ಅಣ್ಣ ವೀರಭದ್ರ ಹೈದರಾಬಾದಿನಿಂದ ಒಂದು ಆಟಿಕೆ ತಂದುಕೊಟ್ಟ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು, ಗಾಜಿನ ಕಿಟಕಿಯಲ್ಲಿ ಒಂದು ನಾಯಿಮರಿ. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಹೆಜ್ಜೆಗೊಂದರಂತೆ ಅಂಕಿ ಏರುತ್ತದೆ. ಬಹಳ ನಡೆದರೆ ಮರಿ ಕುಣಿಯುತ್ತದೆ, ನಡೆಯದಿದ್ದರೆ ಸಿಟ್ಟಾಗಿ ಬೆನ್ನು ತಿರುಗಿಸಿ ಕೂಡುತ್ತದೆ. ಪೂನಂ ಅದನ್ನು ಎದೆಗೆ ಅವಚಿಕೊಂಡು ಬಿಟ್ಟಳು. ಬೆಳಿಗ್ಗೆ ನಾನು ಪಕ್ಕದ ಓಣಿಯ ಬಾಲವಾಡಿಗೆ ಪಾಠ ಹೇಳಲು ಹೋಗುತ್ತಿದ್ದೆ. ಬಂದು ನೋಡಿದರೆ ಮರಿ ಕುಣಿಯುತ್ತಿತ್ತು. ಮೊದಮೊದಲು ನಂಬಿಕೆಯಾಗಲಿಲ್ಲ. ಅಂಗಳದಾಗ ನಡದಿಯೇನು ಅಂದರೆ ಗೋಣು ಹಾಕುತ್ತಿದ್ದಳು. ಅಂಕಿ ಇಷ್ಟು ಏರಿದೆ, ಕಾಲು ಯಾಕೆ ತುಂಬುತ್ತಿಲ್ಲ? ಒಳಗೇ ಏನೋ ಕೆಟ್ಟಿದೆಯೇನೋ, ಮೂಳೆಯೇ ಸೊಟ್ಟ ಕೂಡಿದೆಯೇನೋ ಅಂತ ಹೊಸ ಚಿಂತೆ ಹತ್ತಿತು.

ಒಂದು ದಿನ ಜೋರು ಮಳೆ ಬಂದು ಬಾಲವಾಡಿ ಬೇಗ ಬಿಟ್ಟಿತು. ಅಡುಗೆಮನೆಗೆ ಬಂದರೆ ಪೂನಂ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಸೋನುಬಾಯಿ ತಪತಪ ರೊಟ್ಟಿ ಬಡಿಯುತ್ತಿದ್ದಾಳೆ, ಅವಳ ಸೊಂಟದ ಸೆರಗಿನಲ್ಲಿ ಆ ಡಬ್ಬಿ. ಬಡಿತಕ್ಕೆ ಮೈ ಅಲುಗಿದಂತೆಲ್ಲ ಅಂಕಿ ಏರುತ್ತಿತ್ತು.

"ಇದು ನಿಮ್ಮ ಹಂತ್ಯಾಕ ಯಾಕ ಬಂತು?" ಎಂದೆ.

"ಪೂನಂನೇ ಕೊಟ್ಟಾಳ್ರಿ. ಇದ್ರಾಗ ಮರಿ ಅದ ಅಂತ, ಅಲುಗದಿದ್ರ ಸಿಟ್ಟಾಗ್ತದಂತ. ನನ್ನ ಮಕ್ಕಳೆಲ್ಲ ಹಿಂಗೇ ಮಲ್ಗಿದ್ವು, ಇದೊಂದು ಭಾರ ಆಗ್ತದೇನು ಅಂತ ಕಟ್ಕೊಂಡೆ."

ಅವಳಿಗೆ ಅಂಕಿಯ ಮಾತು ಗೊತ್ತೇ ಇರಲಿಲ್ಲ. ನನಗೆ ಅದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ಕಳೆದುಹೋದ ದಿನಗಳೇ ಕಣ್ಣ ಮುಂದೆ ನಿಂತವು. "ನಿಮ್ಮಿಂದ ನನ್ನ ಮಗಳು ಕುಂಟಿ ಆಗ್ತಾಳ" ಎಂದುಬಿಟ್ಟೆ.

ಸೋನುಬಾಯಿ ಹಂಚಿನ ಮೇಲಿನ ರೊಟ್ಟಿ ಬೇಯಿಸಿ ಬುಟ್ಟಿಗಿಟ್ಟಳು. ಉಳಿದ ಹಿಟ್ಟಿಗೆ ಒದ್ದೆ ಅರಿವೆ ಮುಚ್ಚಿದಳು. ಕೈ ತೊಳೆದು ಡಬ್ಬಿ ಬಿಚ್ಚಿ ಪೂನಂಳ ಮಡಿಲಿಗೆ ಹಾಕಿ, "ನಿನ್ನ ಕೂಸು ಇನ್ನ ನೀನೇ ಹೊರು" ಎಂದು ಮಳೆಯಲ್ಲಿಯೇ ಹೊರಟುಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಬಡಿದ ರೊಟ್ಟಿ ತುಣುಕು ತುಣುಕಾಗಿ ತಾಟಿಗೆ ಬಿತ್ತು, ಅತ್ತೆ ಹಾಲಿನಲ್ಲಿ ಹಿಚುಕಿಕೊಂಡು ಉಂಡರು. ಪೂನಂ ಕೂತಲ್ಲಿಂದ ಏಳಲಿಲ್ಲ. ನಾಯಿಮರಿ ಬೆನ್ನು ತಿರುಗಿಸಿತು. ಶ್ರಾವಣ ಮುಗಿಯುತ್ತ ಬಂದಿತ್ತು.

ಆಮೇಲೆ ಒಂದು ದಿನ ನಾನು ಬಾಲವಾಡಿಯಿಂದ ಬರುವಾಗ ಮನೆಯ ಬಾಗಿಲು ತೆರೆದಿತ್ತು. ಅತ್ತೆಗೆ ಜಪ ಮಾಡುತ್ತಲೇ ಜೊಂಪು ಹತ್ತಿತ್ತು. ಪೂನಂ ಇಲ್ಲ. ಡಬ್ಬಿ ಮಾತ್ರ ಕಿಟಕಿಯ ಕಟ್ಟೆಯ ಮೇಲಿತ್ತು, ಆ ದಿನದ ಅಂಕಿ ಸೊನ್ನೆ. ಹಿತ್ತಲಿನ ಬಾವಿ ನೋಡಿದೆ. ಕೋಟೆಯ ಕಂದಕ ನೆನಪಾಯಿತು, ಲಾರಿಗಳ ರಸ್ತೆ ನೆನಪಾಯಿತು. ಚಪ್ಪಲಿ ಮೆಟ್ಟದೆಯೇ ಓಡಿದೆ.

ತಿರುವಿನಲ್ಲಿ ಸೈಕಲ್ ಅಂಗಡಿಯ ಗುಲಾಮ್ ರಸೂಲ್ ಟ್ಯೂಬು ನೀರಿನಲ್ಲಿ ಅದ್ದುತ್ತ ಕೂತಿದ್ದರು. "ನಿಮ್ಮ ಬಚ್ಚೀನ? ಗೋಡಿ ಹಿಡ್ಕೊಂಡು ಹೋದಳಲ್ರಿ. ಇಲ್ಲೇ ಹಲಗಿ ಮ್ಯಾಲ ಕುಂತು ದಮ್ ತಗೊಂಡ್ಳು. ಸೈಕಲ್ ಮ್ಯಾಲ ಬಿಡ್ತೀನಿ ಅಂದ್ರ ಬ್ಯಾಡ ಅಂದ್ಳು. ಸೋನುಬಾಯಿ ಮನಿ ಕೇಳಿದ್ಳು."

ಸೋನುಬಾಯಿಯ ಮನೆ ಕೋಟೆಯ ಹಿಂದಿನ ಓಣಿಯಲ್ಲಿ. ಪೂನಂ ಹೊಸ್ತಿಲ ಮೇಲೆ ಕೂತು ಬಿಸಿ ರೊಟ್ಟಿಗೆ ಎಣ್ಣೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದಳು. ಮೊಣಕಾಲೆಲ್ಲ ಕೆಸರು. ಕಾಲು ಹಿಡಿದು ನೋಡಿದೆ, ಬಾವು ಬಂದಿತ್ತೋ ಇಲ್ಲವೋ ಕೆಸರಿನಲ್ಲಿ ತಿಳಿಯಲಿಲ್ಲ.

ಸೋನುಬಾಯಿ ಒಲೆಯಿಂದ ಮುಖ ತಿರುಗಿಸದೆ, "ಬರ್ರಿ. ಈ ಸಣ್ಣ ಸಾವಕಾರ್ತಿ ನನ್ನ ಕರಿಯಾಕ ಬಂದಾಳ. ನಿಮ್ಮ ಮನ್ಯಾಗ ರೊಟ್ಟಿ ಹರ್ಯಾಕತ್ತಾವಂತ" ಎಂದಳು.

ಹೇಳದೆ ಯಾಕೆ ಬಂದಿ ಅಂತ ಪೂನಂಳನ್ನು ಕೇಳಿದೆ. ನಾಯಿಮರಿಗೆ ಸೋನುಬಾಯಿಯೇ ಬೇಕಂತೆ, ಅದಕ್ಕೇ ಕರೆಯಲು ಬಂದಳಂತೆ. ಹಾಗಾದರೆ ಅದನ್ನು ಯಾಕೆ ತರಲಿಲ್ಲ?

"ಅದು ಸಿಟ್ಟಾಗಿತ್ತವ್ವ. ಬರಂಗಿಲ್ಲ ಅಂತು."

ಅಷ್ಟು ದೂರ ನಡೆದದ್ದು ಯಾವ ಡಬ್ಬಿಗೂ ಗೊತ್ತಿಲ್ಲ. ಅಂದು ಅನ್ನಬಾರದ್ದು ಅಂದೆ ಎಂದು ನಾನು ಸೋನುಬಾಯಿಗೆ ಹೇಳಿದೆ. ಅವಳು ಒಲೆಗೆ ನೀರು ಚಿಮುಕಿಸಿ, ಸೆರಗು ಕೊಡವಿ ಎದ್ದು ನಿಂತಳು. ನಾನು ಎತ್ತಿಕೊಳ್ಳಲು ಬಗ್ಗುವುದರೊಳಗೆ ಪೂನಂ ಆ ಸೆರಗಿನ ತುದಿ ಹಿಡಿದು ಅಂಗಳಕ್ಕೆ ಇಳಿದಾಗಿತ್ತು.

ಅವರಿಬ್ಬರೂ ಮುಂದೆ, ನಾನು ಹಿಂದೆ. ಮಳೆ ನಿಂತ ಓಣಿಯ ಹಸಿ ಮಣ್ಣಿನಲ್ಲಿ ಪೂನಂಳ ಹೆಜ್ಜೆ ಮೂಡುತ್ತ ಹೋದವು. ಬಲಗಾಲಿನದು ಪೂರ್ತಿ, ಎಡಗಾಲಿನದು ಬರೀ ಬೆರಳು. ಮತ್ತೆ ಬರೀ ಬೆರಳು. ನಾನು ಅವನ್ನು ತುಳಿಯದಂತೆ ಗೋಡೆಯ ಬದಿಗೆ ಸರಿದು ನಡೆದೆ. ಗುಲಾಮ್ ರಸೂಲರ ಅಂಗಡಿಯ ಎದುರು ಒಂದು ಎಡ ಹೆಜ್ಜೆಯ ಹಿಂದೆ ತೆಳ್ಳಗೆ, ಬಿಲ್ಲೆಯ ಅಂಚಿನಂಥ ಒಂದು ಗುರುತು ಕಂಡಿತು. ಹಿಮ್ಮಡಿಯದೋ, ಮೊದಲೇ ಇದ್ದ ಯಾವುದೋ ತಗ್ಗೋ ಅಂತ ಬಗ್ಗುವಷ್ಟರಲ್ಲಿ ಹಿಂದಿನಿಂದ ಬಂದ ಸೈಕಲ್ಲೊಂದು ಅದನ್ನು ಅಳಿಸಿಕೊಂಡು ಹೋಯಿತು. ನಾನು ಬೇಗ ಬೇಗ ಮುಂದಿನ ಹೆಜ್ಜೆಯ ಹತ್ತಿರ ಹೋದೆ.