ತಳ ಹಾಕಿಸದ ಬಾಯ್ಲರ್

ಆಗೆಲ್ಲ ಯಲಬುರ್ಗಾದ ನಮ್ಮ ಓಣಿಯಲ್ಲಿ ಬೆಳಗು ಹೊಗೆಯ ಜೊತೆಗೇ ಬರುತ್ತಿತ್ತು. ಯಾರ ಮನೆಯ ಬಚ್ಚಲಲ್ಲಿ ಹತ್ತಿಕಟ್ಟಿಗೆ ಉರಿಯುತ್ತಿದೆ, ಯಾರ ಮನೆಯಲ್ಲಿ ಸಗಣಿ ಕುಳ್ಳು ಉರಿಯುತ್ತಿದೆ ಎಂದು ಹಾಸಿಗೆಯಲ್ಲಿ ಮಲಗಿದ್ದಾಗಲೇ ಮೂಗು ಹೇಳುತ್ತಿತ್ತು. ನಿಮ್ಮಲ್ಲಿ ಹಲವರಿಗೆ ಆ ವಾಸನೆ ನೆನಪಿರಬಹುದು. ಅದನ್ನು ನೆನೆದರೆ ಮನಸ್ಸು ತಂಪಾಗುತ್ತದೆ ಎಂದು ಬರೆಯುವವರನ್ನು ನಾನೂ ಓದಿದ್ದೇನೆ. ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಬಚ್ಚಲಿನ ಒಡತಿ ನೀಲವ್ವತ್ತೆ, ಅಪ್ಪನ ತಂಗಿ. ಅಲ್ಲಿದ್ದ ತಾಮ್ರದ ಬಾಯ್ಲರ್ ಅವಳದು. ನನ್ನ ಎದೆಯೆತ್ತರ ಇತ್ತು. ನಡುವೆ ಬೆಂಕಿ ಹಾಕುವ ಕೊಳವೆ, ಸುತ್ತಲೂ ನೀರು, ಪಕ್ಕಕ್ಕೊಂದು ನಲ್ಲಿ. ಕುಷ್ಟಗಿ ಕಡೆ ಅವಳನ್ನು ಮದುವೆ ಮಾಡಿಕೊಟ್ಟಾಗ ಅಜ್ಜ ಅದನ್ನು ಕೊಡಿಸಿ, ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಹಾಕಿಸಿದ್ದನಂತೆ. ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲಿಟ್ಟುಕೊಂಡಾಗ ಅತ್ತೆ ಅಳಲಿಲ್ಲ, ಪಂಚಾಯ್ತಿ ಸೇರಿಸಲಿಲ್ಲ. ಬಾಯ್ಲರಿನ ಬೂದಿ ತೆಗೆದು ಅದನ್ನು ಕೈಗೊಪ್ಪಿಸುವ ತನಕ ಆ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ, ಅಷ್ಟೆ. ಬಂಗಾರ ಅಲ್ಲೇ ಉಳಿಯಿತು, ಸೀರೆಗಳೂ ಉಳಿದವು. ಬಸ್ಸಿನ ಟಾಪಿನ ಮೇಲೆ ಬಾಯ್ಲರ್ ಕಟ್ಟಿಸಿಕೊಂಡು ತವರಿಗೆ ಬಂದವಳು ಎಂದು ಊರವರು ಅವಳನ್ನು ಬಹಳ ವರ್ಷ ಆಡಿಕೊಂಡರು.

ದೀಪಾವಳಿಯಿಂದ ಶಿವರಾತ್ರಿಯವರೆಗೆ ನಮ್ಮ ಚಳಿಗಾಲವೆಲ್ಲ ಆ ಬಾಯ್ಲರಿನ ಮುಂದೆಯೇ ಕಳೆಯುತ್ತಿತ್ತು. ಓಣಿಯ ಹುಡುಗಿಯರೆಲ್ಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಗಜಗ ಆಡುತ್ತಿದ್ದೆವು. ಅತ್ತೆ ಕೆಳಗಿನ ಕೆಂಡದಲ್ಲಿ ಹಸಿ ಶೇಂಗಾ, ಗೆಣಸು, ಒಮ್ಮೊಮ್ಮೆ ಇಡೀ ಉಳ್ಳಾಗಡ್ಡಿ ಹೂಳಿಡುತ್ತಿದ್ದಳು. ಸುಟ್ಟ ಉಳ್ಳಾಗಡ್ಡಿಯ ಕರಿ ಸಿಪ್ಪೆ ತೆಗೆದರೆ ಒಳಗೆ ಸಕ್ಕರೆಪಾಕದಂಥ ತಿರುಳು. ಬಾಯಿ ಸುಟ್ಟುಕೊಂಡು ತಿಂದು, ಮಸಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಒಳಗೆ ಹೋಗಿ ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಬಚ್ಚಲಿನಿಂದ ಅತ್ತೆಯ ಕೂಗು ಬರುತ್ತಿತ್ತು: "ನೀರು ಕಾದಾವ, ಬರ್ರಿ."

ಮೊದಲು ಅಪ್ಪ, ಆಮೇಲೆ ಅಕ್ಕ, ನಾನು, ಅವ್ವ. ಎಲ್ಲರ ಬೆನ್ನೂ ತಿಕ್ಕಿ ಎಲ್ಲರನ್ನೂ ಕಳಿಸಿ ಅತ್ತೆ ಕಟ್ಟಕಡೆಗೆ ಸ್ನಾನ ಮಾಡುತ್ತಿದ್ದಳು. ಅಷ್ಟೊತ್ತಿಗೆ ಉರಿ ಆರಿರುತ್ತಿತ್ತು, ನೀರು ಉಗುರು ಬೆಚ್ಚಗೂ ಇರುತ್ತಿರಲಿಲ್ಲ. ತನಗೆಂದು ಇನ್ನೊಂದು ಕಟ್ಟಿಗೆ ಇಟ್ಟದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅವ್ವನಿಗೂ ಅವಳಿಗೂ ಮಾತಿಗೆ ಮಾತು ಬೆಳೆದಾಗ ಮಾತ್ರ ಅತ್ತೆ ಸೆಟೆದು ನಿಲ್ಲುತ್ತಿದ್ದಳು. "ನನ್ನ ಬಾಯ್ಲರ್ ನಾ ತಂದೇನಿ. ನಿಮ್ಮನಿಯಾಗ ಕುಂತು ತಿನ್ನಾಕ ಬಂದಿಲ್ಲ" ಅನ್ನುತ್ತಿದ್ದಳು. ಅವ್ವ ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಅಕ್ಕನ ಮದುವೆಯಾಯಿತು. ಗಂಡ ಕೊಪ್ಪಳದವನು, ಸರಕಾರಿ ನೌಕರ. ಅದರ ಗತ್ತು ಅವನಿಗಿಂತ ಹೆಚ್ಚು ನಮ್ಮ ಅಪ್ಪನಿಗಿತ್ತು. ಹೊಸ ಅಳಿಯ ಮೊದಲ ದೀಪಾವಳಿಗೆ ಬರುತ್ತಾನೆಂದು ತನ್ನ ಬೀಜ ಗೊಬ್ಬರದ ಅಂಗಡಿಯನ್ನೂ ಮುಚ್ಚಿ ಅಪ್ಪ ಸುಣ್ಣ ಹೊಡೆಸಲು ನಿಂತ. ನಮ್ಮಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯೋ ಬಾಯ್ಲರೋ, ಇದ್ದುದನ್ನು ಫಳಫಳ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿ, ಪೂಜೆ ಮಾಡಿ ನೀರು ತುಂಬಬೇಕು. ತುಂಬಿದ ನೀರನ್ನು ಬೆಳಗಿನ ಎಣ್ಣೆಸ್ನಾನದವರೆಗೆ ಯಾರೂ ಮುಟ್ಟಬಾರದು.

ಪ್ರತಿ ವರ್ಷ ಅತ್ತೆ ಹುಣಸೆಹಣ್ಣು ಬೂದಿ ಹಚ್ಚಿ ಹೊರಗಡೆ ಮಾತ್ರ ತಿಕ್ಕುತ್ತಿದ್ದಳು. ಒಳಗೆ ನಮ್ಮೂರಿನ ಉಪ್ಪುನೀರು ವರ್ಷ ವರ್ಷ ಕಟ್ಟಿದ ಬಿಳಿ ಪದರ ಹಾಗೇ ಇರುತ್ತಿತ್ತು. ಆ ಸಲ ಅವ್ವ ಮುಚ್ಚಳ ತೆಗೆದು ನೋಡಿ ಮುಖ ಕಿವುಚಿದಳು, ಹೊಸ ಅಳಿಯನ ಮೈಮೇಲೆ ಈ ಹೊಲಸು ನೀರು ಹಾಕುವುದೇ ಎಂದಳು. ಅತ್ತೆಗೆ ಮಾತು ನಾಟಿತು. ಹಾಗೆ ನೋಡಿದರೆ ಖುಷಿಯೂ ಆಗಿತ್ತು. ಮನೆಯ ಅಳಿಯನ ಮೊದಲ ಎಣ್ಣೆಸ್ನಾನ ತನ್ನ ಬಾಯ್ಲರಿನಿಂದ ಎಂದು ಓಣಿಗೆಲ್ಲ ಹೇಳಿಕೊಂಡಿದ್ದಳು. ಊಟ ಬಿಟ್ಟು ಕೂತು, ಕಬ್ಬಿಣದ ಸಟ್ಟುಗ ಹಿಡಿದು ಕೆರೆದಳು. ಪದರ ಹಪ್ಪಳದ ಚೂರುಗಳಂತೆ ಎದ್ದು ಬಂತು. ಸಂಜೆಗೆ ಒಳಗೆಲ್ಲ ಹೊಸ ತಾಮ್ರದ ಕೆಂಪು. ನನ್ನನ್ನು ಕರೆದು ತೋರಿಸಿದಳು, ಮುಖ ಅರಳಿತ್ತು.

ಸವೆದ ತಳವನ್ನು ಅಷ್ಟು ವರ್ಷ ಹಿಡಿದಿಟ್ಟದ್ದು ಆ ಬಿಳಿ ಪದರವೇ. ಹುಟ್ಟಿದಾಗಿನಿಂದ ಅದೇ ನೀರು ಕುಡಿದ ನಮ್ಮ ಮನೆಯಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಬೆಳಗಿನ ಜಾವ ಅತ್ತೆ ಬೆಂಕಿ ಹಚ್ಚಿದಾಗ ಕಾವಿಗೆ ತಳ ಬಾಯಿಬಿಟ್ಟು ಚುಂಯ್ ಎಂದಿತು. ಆಮೇಲೆ ಬಚ್ಚಲ ತುಂಬ ಹಬೆ, ಹೊಗೆ, ಹರಿದು ಬಂದ ಬೂದಿನೀರು. ಬಾಯ್ಲರ್ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಕೊರಳಿನ ಬಳ್ಳಿ ಮಾತ್ರ ಹಸಿರಾಗಿ ಜೋತಾಡುತ್ತಿತ್ತು. ಅಳಿಯ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ನಡುಗುತ್ತ ಕೂತ. ಒಲೆಯ ಮೇಲೆ ಬೋಗುಣಿಯಲ್ಲಿ ನೀರು ಕಾಯಲು ಇಟ್ಟೆವು. ಅದು ಕಾಯುವ ಹೊತ್ತಿಗೆ ಆರತಿಯ ಬತ್ತಿ ಆರಿಹೋಯಿತು.

ಅಳಿಯ ಕೆಟ್ಟವನೇನಲ್ಲ, ನಕ್ಕುಕೊಂಡೇ ಹೇಳಿದ: "ಈ ಕಾಲದಾಗ ಇದನ್ಯಾಕ ಇಟ್ಕೊಂಡೀರಿ ಮಾವಾರ? ಒಂದು ಗೀಜರ್ ತಂದ್ರ ಆತು."

ಅಪ್ಪ ತಲೆ ತಗ್ಗಿಸಿದ. ಅವ್ವ ಅತ್ತೆಯ ಕಡೆ ತಿರುಗಿದಳು. "ಹಬ್ಬಕ್ಕ ತುಂಬಿದ ನೀರು ಹರದು ಹೋತು. ನಿನ್ನ ಕೈಯಾಗ ಏನರ ನಿಂತೈತೇನು?"

ಎಲ್ಲರೆದುರು ಅಂದಳು. ಅವ್ವ ನನ್ನವಳೇ, ಆದರೂ ಆ ಮಾತಿಗೆ ನಾನು ಇವತ್ತಿಗೂ ಅವಳನ್ನು ಕ್ಷಮಿಸಿಲ್ಲ. ಅತ್ತೆ ಒದ್ದೆ ಬೂದಿ ಬಳಿಯುತ್ತಿದ್ದವಳು ಬಳಿಯುತ್ತಲೇ ಇದ್ದಳು.

ಹಬ್ಬ ಮುಗಿದ ಮೇಲೆ ಅವಳು ಅಪ್ಪನ ಬಳಿ ಬಂದು ನಿಂತಳು. ಅಣ್ಣನ ಹತ್ತಿರ ಅವಳು ಏನನ್ನಾದರೂ ಕೇಳಿದ್ದು ನನಗೆ ಗೊತ್ತಿರುವಂತೆ ಅದೇ ಮೊದಲು. "ಅಣ್ಣಾ, ತಳಾ ಒಂದು ಹಾಕಿಸ್ಕೊಂಡು ಬಾ. ಮತ್ತೇನೂ ಬ್ಯಾಡ" ಅಂದಳು. ಕೊಪ್ಪಳದಲ್ಲಿ ತಾಮ್ರ ಬೆಸೆಯುವವರ ಒಂದು ಸಣ್ಣ ಓಣಿ ಇತ್ತು, ಅಲ್ಲಿ ಹೊಸ ತಳ ಕೂಡಿಸುತ್ತಾರೆಂದು ಆಚೆ ಮನೆಯವರನ್ನು ವಿಚಾರಿಸಿ ಇಟ್ಟುಕೊಂಡಿದ್ದಳು. ಅಪ್ಪ ಹಾಕಿಸಿಕೊಂಡು ಬರುತ್ತೇನೆಂದು ಒಪ್ಪಿಕೊಂಡ. ಸಾಲೆಗೆ ಸೂಟಿ ಇದ್ದುದರಿಂದ ನಾನೂ ಹೊರಟೆ. ಎಂಥಾ ತಳ ಹಾಕುತ್ತಾರೆ ನೋಡಿಕೊಂಡು ಬಾ, ಮುಚ್ಚಳ ಅದಲುಬದಲಾಗದಂತೆ ಕಣ್ಣಿಡು ಎಂದು ಅತ್ತೆ ನನಗೆ ಹೇಳಿ ಕಳಿಸಿದಳು. ಬಸ್ಸಿನ ಟಾಪಿಗೆ ಅವಳ ಬಾಯ್ಲರ್ ಏರಿದ್ದು ಅದು ಎರಡನೇ ಸಲ.

ಬೆಸೆಯುವವರ ಓಣಿಯ ಕಡೆಗೆ ಅಪ್ಪ ತಿರುಗಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಕ್ಕನ ಗಂಡ ಕಾಯುತ್ತಿದ್ದ. ಮೂವರೂ ನೇರ ಒಂದು ದೊಡ್ಡ ಪಾತ್ರೆ ಅಂಗಡಿಗೆ ಹೋದೆವು. ಅಲ್ಲಿ ಫ್ಯಾನು, ಮಿಕ್ಸರ್, ಗೀಜರನ್ನೂ ಮಾರುತ್ತಿದ್ದರು, ಹಳೆ ತಾಮ್ರವನ್ನು ತೂಕಕ್ಕೆ ತೆಗೆದುಕೊಳ್ಳುತ್ತಿದ್ದರು. ಅಂಗಡಿಯವನು ಬಾಯ್ಲರನ್ನು ಉರುಳಿಸಿ ನೋಡಿ, ಅಂಚಿನ ಮೇಲೆ ಬೆರಳಿಟ್ಟು ಓದಿದ. "ಇದರ ಮ್ಯಾಲ ನೀಲವ್ವ ಅಂತ ಹೆಸರೈತಲ್ರಿ?"

"ಇರ್ಲಿ ಬಿಡ್ರಿ. ಮನಿಯವರದ ಐತಿ" ಅಂದ ಅಪ್ಪ.

ತಕ್ಕಡಿಗೆ ಸರಿಯಾಗಿ ಕೂರಲೆಂದು ಅಲ್ಲಿಯ ಆಳು ಅದನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ. ಅಪ್ಪ ನನಗೆ ಮಿರ್ಚಿ ಮಂಡಕ್ಕಿ ಕೊಡಿಸಿದ. ಬರುವಾಗ ಬಸ್ಸಿನಲ್ಲಿ ಗೀಜರಿನ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು, ಕೂಸನ್ನು ಹಿಡಿದಂತೆ ಹಿಡಿದಿದ್ದ.

ಮನೆಯಲ್ಲಿ ಅಪ್ಪ, ಬೆಸೆಯುವವ ಆಗುವುದಿಲ್ಲ ಅಂದನೆಂದು ಹೇಳಿದ. ನಾನು ನಡುಮನೆಯಲ್ಲಿ ನಿಂತು, ಅಪ್ಪ ಅಲ್ಲಿಗೆ ಹೋಗೇ ಇಲ್ಲ, ಬಡಿದು ಚಪ್ಪಟೆ ಮಾಡಿಸಿ ಮಾರಿದ ಅಂದೆ. ಅವ್ವ ಕಪಾಳಕ್ಕೊಂದು ಕೊಟ್ಟಳು. ಅತ್ತೆ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮುಖ ತೊಳೆಸಿದಳು, ತಣ್ಣೀರಿನಲ್ಲಿ. ಓದು ಬಾರದ ಹೆಂಗಸು, ಆದರೆ ತನ್ನ ಹೆಸರು ಎಲ್ಲಿದೆಯೆಂದು ಬೆರಳಿನಲ್ಲೇ ಗುರುತು ಹಿಡಿಯುತ್ತಿದ್ದಳು. ನನ್ನನ್ನು ಕೇಳಿದ್ದು ಒಂದೇ: "ಅದರ ಮ್ಯಾಲಿನ ಹೆಸರು ಯಾರರ ಓದಿದರೇನು?"

ಅಂಗಡಿಯವನು ಓದಿದ ಅಂದೆ. ತಲೆಯಾಡಿಸಿದಳು.

ಅಂದಿನಿಂದ ಬಚ್ಚಲಲ್ಲಿ ಗೋಡೆಗೆ ತೂಗಿದ ಬಿಳಿ ಡಬ್ಬ, ಅದಕ್ಕೊಂದು ಕೆಂಪು ದೀಪ. ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಅತ್ತೆ ರೂಢಿಯಂತೆ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಎದ್ದು ಕಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ನಾವು ಹುಡುಗಿಯರು ಗಜಗ ತೆಗೆದುಕೊಂಡು ಬೇರೆ ಮನೆಯ ಬಚ್ಚಲಿಗೆ ಹೋದೆವು. ಅವ್ವನಿಗೆ ಈಗ ಎದುರಾಡುವವರಿರಲಿಲ್ಲ. ಯಾರು ಕುಂತು ತಿನ್ನುತ್ತಾರೆ ಎಂಬ ಮಾತು ದಿನಕ್ಕೊಮ್ಮೆಯಾದರೂ ಗಾಳಿಯಲ್ಲಿ ತೇಲಿ ಬರುತ್ತಿತ್ತು.

ಮುಂದಿನ ಚಳಿಗಾಲಕ್ಕೆ ಗೀಜರ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ ನೀರು ಕಾಯಿಸುವ ಕಾಯಿಲಿನ ತುಂಬ ಅದೇ ಬಿಳಿ ಉಪ್ಪು. ಅಪ್ಪ ಗೋಣಿಚೀಲದಲ್ಲಿ ಸುತ್ತಿಕೊಂಡು ಕೊಪ್ಪಳಕ್ಕೆ ಒಯ್ದ. ಅಲ್ಲಿ ಆಗಲಿಲ್ಲವೆಂದು ಗಂಗಾವತಿಯ ಮೆಕ್ಯಾನಿಕ್ ಒಬ್ಬನನ್ನು ಹುಡುಕಿದ. ಮತ್ತೆ ಕೆಟ್ಟಿತು, ಮತ್ತೆ ಒಯ್ದ. ಬಿಸಾಕು ಎಂದು ಅಳಿಯನೂ ಹೇಳಲಿಲ್ಲ, ಅವ್ವನೂ ಹೇಳಲಿಲ್ಲ. ಮೂರನೇ ಸಲ ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ ಅತ್ತೆ ಕಟ್ಟೆಯ ಮೇಲಿಂದ ಕೇಳಿದಳು.

"ಇದನ್ನಾದರ ರಿಪೇರಿ ಮಾಡಸ್ತಿಯೇನಣ್ಣಾ?"

ಅಪ್ಪ ಹಿಂತಿರುಗಿ ನೋಡದೆ ಬಸ್ಸಿಗೆ ಹೋದ. ಅವನು ತಿರುಗಿ ಬರುವಷ್ಟರಲ್ಲಿ ಅತ್ತೆ ಇರಲಿಲ್ಲ. ಅಳವಂಡಿಯಲ್ಲಿ ಮಕ್ಕಳ ಹಾಸ್ಟೆಲೊಂದಕ್ಕೆ ಅಡಿಗೆಯವರು ಬೇಕೆಂದು ಯಾರೋ ಹೇಳಿದ್ದರಂತೆ. ಎರಡು ಸೀರೆ ಗಂಟು ಕಟ್ಟಿಕೊಂಡು ಹೋಗಿದ್ದಳು. ಈ ಸಲ ಕಟ್ಟೆಯ ಮೇಲೆ ಕೂತು ಕೇಳಿ ಪಡೆಯಲು ಅವಳದೆಂಬುದು ನಮ್ಮ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಜನ ಏನೆಂದಾರು ಎಂದು ಅಪ್ಪ ಕರೆಯಲು ಹೋದ, ಅವಳು ಬರಲಿಲ್ಲ.

ಈಗ ನನ್ನ ಮನೆಯ ಮಾಳಿಗೆಯ ಮೇಲೆ ಸೋಲಾರ್ ಇದೆ. ನಲ್ಲಿ ತಿರುಗಿಸಿದರೆ ಬಿಸಿನೀರು, ಯಾರ ಹಂಗೂ ಇಲ್ಲ. ನೀರು ಕಾದಾವ ಎಂದು ಕರೆಯುವವರಿಲ್ಲ, ಬೆನ್ನು ತಿಕ್ಕುವವರಿಲ್ಲ, ನನ್ನ ಮಗಳಿಗೆ ಸುಟ್ಟ ಉಳ್ಳಾಗಡ್ಡಿಯ ರುಚಿ ಗೊತ್ತಿಲ್ಲ. ಹೆದ್ದಾರಿಯ ಹೋಟೆಲುಗಳವರು ಅಂಥ ಬಾಯ್ಲರುಗಳನ್ನು ಬಾಗಿಲಲ್ಲಿಟ್ಟು ಹೂವಿನ ಗಿಡ ನೆಟ್ಟಿರುತ್ತಾರೆ. ಚಪ್ಪಟೆಯಾದದ್ದು ಮರಳಿ ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಬಗ್ಗಿ ಅಂಚಿನಲ್ಲಿ ಹೆಸರು ಹುಡುಕುತ್ತೇನೆ.

ಅತ್ತೆ ಅಳವಂಡಿಯಲ್ಲೇ ತೀರಿಕೊಂಡಳು, ಒಂದು ಚಳಿಗಾಲದಲ್ಲಿ. ಸುದ್ದಿ ತಿಳಿದು ಅಪ್ಪ, ನಾನು ಹೋದೆವು. ಮೈ ತೊಳೆಯಲು ನೀರು ಕಾಯಿಸಬೇಕಿತ್ತು, ಅವಳ ಕೋಣೆಯಲ್ಲಿ ಒಂದು ಸಣ್ಣ ಅಲ್ಯೂಮಿನಿಯಂ ಬೋಗುಣಿ ಮಾತ್ರ ಇತ್ತು. ಪಕ್ಕದ ಮನೆಯವರು ತಮ್ಮ ಹಿತ್ತಲಿನ ತಾಮ್ರದ ಬಾಯ್ಲರಿಗೆ ನೀರು ತುಂಬಿಕೊಟ್ಟರು. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹತ್ತಿಕಟ್ಟಿಗೆ ತುರುಕಿದ. ಅಭ್ಯಾಸವಿಲ್ಲದ ಕೈ, ಬರೀ ಹೊಗೆ ಎದ್ದಿತು. ಅವನ ಕಣ್ಣಲ್ಲಿ ನೀರು ಬಂತು, ಅದು ಯಾವುದರದೆಂದು ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಮನೆಯ ಹೆಂಗಸು ನಲ್ಲಿ ತಿರುಗಿಸಿ ಕೈಯಿಟ್ಟು ನೋಡಿ, ನೀರು ಕಾದಾವ, ಒಯ್ಯಿರಿ ಅಂದಳು. ನೀಲವ್ವತ್ತೆಗೆಂದು ಯಾರಾದರೂ ನೀರು ಕಾಯಿಸಿದ್ದು ನಾನು ಕಂಡಂತೆ ಅದೊಂದೇ ಸಲ.