ಕ್ಯೂಟ್ ಅಲ್ಲದ ಮುಖ

ಆಗ ನಮ್ಮ ಮೊಮ್ಮಗಳು ಆದ್ಯಾಳಿಗೆ ಐದು ವರ್ಷ. ಮಸ್ಕತ್ತಿನಲ್ಲಿ ಅಜೈಬಾದ ಹಳೇ ಫ್ಲ್ಯಾಟಿನಲ್ಲಿದ್ದೆವು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅಲ್ಲಿ ಬಾಲ್ಕನಿ ಬಾಗಿಲು ತೆಗೆಯಬಹುದು, ಬಟ್ಟೆ ಒಣಗಿಸುವಾಗ ನೆತ್ತಿ ಸುಡುವುದಿಲ್ಲ. ಆಗಲೇ ಬಿಲ್ಡಿಂಗಿನ ಮಕ್ಕಳಿಗೆ ಹ್ಯಾಲೋವೀನ್ ಹುಚ್ಚು ಹಿಡಿಯುತ್ತಿತ್ತು. ದೆವ್ವದ ಮುಖ ಕಟ್ಟಿಕೊಂಡು ಮನೆಮನೆಗೆ ಹೋಗಿ ಚಾಕಲೇಟು ಬೇಡುವುದು. "ಬೇಡಲಿಕ್ಕೆ ಮಸ್ಕತ್ತಿಗೆ ಬರಬೇಕಿತ್ತಾ?" ಎಂದು ಕೇಳಿದೆ.

ಸೊಸೆ ಕಾಗದದ ತಟ್ಟೆಗೆ ಕಿತ್ತಳೆ ಬಣ್ಣ ಬಳಿಸಿ, ಮಿನುಗು ಪುಡಿ ಹಾಕಿಸಿ, ನಗುವ ಬಾಯಿ ಬರೆಸಿದಳು. ಆದ್ಯಾ ಅದನ್ನು ಕಟ್ಟಿಕೊಂಡು ಅಪ್ಪನ ಮುಂದೆ ಹೋಗಿ ಗುರ್ ಎಂದಳು. "ಸೋ ಕ್ಯೂಟ್!" ಅಂದ ಮಗ. ಎದುರು ಮನೆಯ ಜೊಹರಾ, ಮಂಗಳೂರು ಕಡೆಯ ಬ್ಯಾರಿ ಹೆಂಗಸು, ಕೂಡ ಹಾಗೇ ಅಂದಳು. ಕೊನೆಗೆ ಆದ್ಯಾ ನನ್ನ ಹತ್ತಿರ ಬಂದಳು. ನಾನು ಕಾಯಿ ತುರಿಯುತ್ತಿದ್ದೆ.

"ಅಜ್ಜಿ, ಹೆದ್ರಿಕೆ ಆಯ್ತಾ?"

"ಇಲ್ಲ. ಹಪ್ಪಳಕ್ಕೆ ಬಣ್ಣ ಹಚ್ಚಿದ ಹಾಗಿದೆ."

ತಟ್ಟೆ ಕಿತ್ತು ಬಿಸಾಡಿ, ಕಾಲು ಬಡಿದು ಅತ್ತಳು. "ಐ ಆಮ್ ನಾಟ್ ಕ್ಯೂಟ್! ಐ ಆಮ್ ಅ ಗೋಸ್ಟ್! ಯಾರೂ ಹೆದರೂದೇ ಇಲ್ಲ!"

"ಅತ್ತೆ, ಒಂದು ಸಲ ಹೆದರಿದ ಹಾಗೆ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದಳು ಸೊಸೆ.

"ಸುಮ್ಮನೆ ಮಾಡಿದ್ರೆ ಅವಳಿಗೆ ಗೊತ್ತಾಗ್ತದೆ. ಅವಳೇನು ಪೆದ್ದಿಯಾ?"

ನಾನು ಚಿಕ್ಕವಳಿದ್ದಾಗ ಕುಂದಾಪುರದ ಕಡೆ ನಮ್ಮ ಸೌತೆಗದ್ದೆಗೆ ಬೆದರುಬೊಂಬೆ ಮಾಡುವ ಕೆಲಸ ಮಕ್ಕಳದ್ದೇ. ಮಸಿ ಹಿಡಿದ ಮಡಕೆ ಕವುಚಿ, ಸುಣ್ಣದಲ್ಲಿ ಕಣ್ಣು ಬರೆದು ನಿಲ್ಲಿಸುತ್ತಿದ್ದೆವು. ನರಿ ಬಿಡಿ, ಕತ್ತಲಾದ ಮೇಲೆ ಗಂಡಸರೂ ಆ ದಾರಿ ಬಿಟ್ಟು ಹೋಗುತ್ತಿದ್ದರು. ಇಲ್ಲಿ ಗ್ಯಾಸಿನ ಒಲೆ, ಮಸಿ ಎಲ್ಲಿ? ಜೊಹರಾಳ ಮನೆಯಲ್ಲಿ ದಿನಾ ಇದ್ದಿಲ ಕೆಂಡಕ್ಕೆ ಲೋಬಾನದ ಧೂಪ ಹಾಕುತ್ತಾರೆ. ಆರಿದ ಇದ್ದಿಲು ಕೇಳಿದೆ.

"ಎಂತಕ್ಕಜ್ಜಿ, ಮುಖಕ್ಕೆ ಬಳಿಯಲಿಕ್ಕಾ?"

"ನಿನ್ನ ಮುಖಕ್ಕಲ್ಲ. ಕೊಡು."

"ಯಲ್ಲಾ, ಎಲ್ಲ ತಕ್ಕೊಳ್ಳಿ," ಎಂದು ಅರಬ್ಬಿ ಬೆರೆಸಿ ನಗುತ್ತಾ ಸುರಿದಳು.

ಇದ್ದಿಲು ಕುಟ್ಟಿ ಗಂಜಿತಿಳಿಯಲ್ಲಿ ಕಲಸಿದೆವು. ಆದ್ಯಾ ಹೊಸ ತಟ್ಟೆಗೆ ಬೆರಳಲ್ಲೇ ಬಳಿದಳು, ಮೂಗಿಗೂ ಬಳಿದುಕೊಂಡಳು. ತೆಂಗಿನ ನಾರು ಕೂದಲಾಯಿತು. ಆ ದಿನ ಸಾಂಬಾರಿಗೆ ಹೆಚ್ಚಿದ ಸಿಹಿಗುಂಬಳದ ಬೀಜ ಹಲ್ಲಾಯಿತು. ನೋಡಲು ಬಿಟ್ಟ ತೂತುಗಳ ಸುತ್ತ ಅಕ್ಕಿಹಿಟ್ಟಿನಲ್ಲಿ ಕಣ್ಣು ಬರೆಯಲು ಕೂತವಳು ಎರಡನ್ನೂ ಒಂದೇ ಅಳತೆಗೆ ತರಲು ಒದ್ದಾಡಿದಳು.

"ಬೇಡ. ಒಂದು ದೊಡ್ಡದು, ಒಂದು ಸಣ್ಣದು ಮಾಡು. ಸರಿ ಇರೋ ಮುಖಕ್ಕೆ ಯಾರು ಹೆದರ್ತಾರೆ?"

ಮನೆಯೆಲ್ಲ ಲೋಬಾನ, ಗಂಜಿಯ ವಾಸನೆ. ಸೊಸೆ ನೆಲ ನೋಡಿ ತಲೆ ಚಚ್ಚಿಕೊಂಡಳು.

ಸಂಜೆ ಮುಖ ಕಟ್ಟಿಕೊಂಡು ನನ್ನ ಕೈ ಹಿಡಿದು ಹೊರಟಳು. ಲಿಫ್ಟಿನ ಬಾಗಿಲು ತೆರೆಯಿತು. ಎದುರಿಗೇ ಕನ್ನಡಿ. ಕಿಟಾರನೆ ಕಿರುಚಿ ನನ್ನ ಸೀರೆಯೊಳಗೆ ತಲೆ ಹುದುಗಿಸಿದಳು. ಸೀರೆಯೆಲ್ಲ ಕಪ್ಪು. ಸ್ವಲ್ಪ ಹೊತ್ತಿಗೆ ಕಟ್ಟಿದ ಮುಖ ಕೆಳಗಿಳಿಸಿ ಕನ್ನಡಿ ನೋಡಿದಳು. ಮತ್ತೆ ಮೇಲೇರಿಸಿ ನೋಡಿದಳು. ಆಮೇಲೆ ಕುಣಿಯಲಿಕ್ಕೆ ಶುರು.

"ಅಜ್ಜಿ! ನಂಗೇ ಹೆದ್ರಿಕೆ ಆಯ್ತು! ನಂಗೇ!"

ಮನೆಮನೆಯಲ್ಲೂ ಚಾಕಲೇಟು ಕೇಳುವ ಮೊದಲು ಅದನ್ನೇ ಸಾರಿದಳು. ಮೂರನೇ ಮಹಡಿಯವರೊಬ್ಬರು ಮತ್ತೆ "ಕ್ಯೂಟ್" ಅಂದರು. ಈ ಸಲ ಅಳಲಿಲ್ಲ. "ಅಂಕಲ್, ಇಲ್ಲಿ ಗೊತ್ತಾಗಲ್ಲ. ಲಿಫ್ಟಿಗೆ ಬನ್ನಿ," ಅಂದಳು.

ಅಲ್ ಖೌದ್‌ಗೆ ಮನೆ ಬದಲಿಸುವಾಗ ಸೊಸೆ ಆ ಮುಖ ಎಸೆದಳು. ಅಕ್ಕಿಹಿಟ್ಟಿಗೆ ಇರುವೆ ಹತ್ತಿತ್ತು, ಎಸೆಯದೆ ಇನ್ನೇನು. ಆದ್ಯಾಳಿಗೀಗ ಹನ್ನೆರಡು. ನನಗಿಂತ ಎತ್ತರ. ದೆವ್ವದ ಮುಖ ಅಂಗಡಿಯಿಂದ ಬರುತ್ತದೆ, ಚೆನ್ನಾಗಿಯೇ ಇರುತ್ತದೆ. ಹೆದ್ರಿಕೆ ಆಯ್ತಾ ಎಂದು ನನ್ನನ್ನು ಕೇಳುವುದಿಲ್ಲ. ಇದ್ದಿಲು ಕುಟ್ಟಲೂ ಕರೆಯುವುದಿಲ್ಲ.

ಮೊನ್ನೆ ಲಿಫ್ಟಿನಲ್ಲಿ ಅವಳು ಕನ್ನಡಿ ನೋಡಿ ಕೂದಲು ಸರಿ ಮಾಡಿಕೊಳ್ಳುತ್ತಿದ್ದಳು. ನಾನು ಹಲ್ಲು ಸೆಟ್ಟು ತೆಗೆದು, ಒಂದು ಕಣ್ಣು ದೊಡ್ಡದು ಒಂದು ಸಣ್ಣದು ಮಾಡಿ, ಅವಳ ಹಿಂದಿನಿಂದ ಗುರ್ ಎಂದೆ.

ಕೂದಲಿನಿಂದ ಕೈ ತೆಗೆಯದೆ ನಕ್ಕಳು. "ಸೋ ಕ್ಯೂಟ್, ಅಜ್ಜಿ."

ಅಂದು ಅವಳು ತಟ್ಟೆ ಯಾಕೆ ಬಿಸಾಡಿದಳೆಂದು ಲಿಫ್ಟು ಕೆಳಗೆ ತಲುಪುವಷ್ಟರಲ್ಲಿ ನನಗೆ ಗೊತ್ತಾಯಿತು.