ಸುಣ್ಣ ಸುಟ್ಟದ್ದಲ್ಲ

ಎಲೆಅಡಿಕೆ ಹಾಕುವ ನಮ್ಮಂಥವರಿಗೆ ಬಾಯಲ್ಲಿ ಹುಣ್ಣಾದರೆ ಕಾರಣ ಒಂದೇ, ಸುಣ್ಣ ಜಾಸ್ತಿಯಾಯಿತು. ಮದ್ದೂ ಒಂದೇ, ಒಂದು ಚೂರು ಕೊಬ್ಬರಿ ಅಗಿದು ದವಡೆಯಲ್ಲಿ ಇಟ್ಟುಕೊಳ್ಳುವುದು. ನಾನು ಆರು ತಿಂಗಳು ಕೊಬ್ಬರಿ ಅಗಿದೆ. ಹೊಗೆಸೊಪ್ಪು ಬಿಡಲಿಲ್ಲ. ಕೊನೆಗೆ ಬಾಯಿ ತೆರೆಯಲು ಆಗದೆ ಹೋದಾಗ ನಮ್ಮೂರ ಆಶಾ ಕಾರ್ಯಕರ್ತೆ ಹುಡುಗಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಕ್ಯಾನ್ಸರ್ ಅಂದರು. ಎಡಗೆನ್ನೆಯ ಒಳಗನ್ನೂ ಒಂದಿಷ್ಟು ದವಡೆಯನ್ನೂ ತೆಗೆದರು. ಬದುಕಿದೆ.

ಬದುಕಿ ಬಂದ ಮೇಲೆ ಜಗಲಿ ಖಾಲಿಯಾಯಿತು. ಮುಂಚೆ ಮಧ್ಯಾಹ್ನ ಉಂಡ ಮೇಲೆ ನಾಲ್ಕೈದು ಹೆಂಗಸರು ನಮ್ಮ ಜಗಲಿಯಲ್ಲಿ ಕೂತು ಒಂದೇ ಎಲೆಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದೆವು. ಅವರೆಲ್ಲ ಎದುರುಮನೆ ಜಗಲಿಗೆ ಹೋದರು. ಎದುರುಮನೆ ನನ್ನ ಓರಗಿತ್ತಿಯದು, ಗಂಡನ ತಮ್ಮನ ಹೆಂಡತಿ. ಯಾರ ಮನೆಗೆ ಹೋದರೂ ನನಗೆ ಬೇರೆ ಲೋಟ. ಇದು ಅಂಟುರೋಗವಲ್ಲ ಎಂದು ಆಶಾ ಹುಡುಗಿ ಹೇಳಿದಳು. ತಲೆಯಾಡಿಸಿದರು, ಲೋಟ ಬದಲಾಗಲಿಲ್ಲ. ನಾನು ಗಂಜಿ ಕುಡಿದರೆ ಕಟವಾಯಲ್ಲಿ ಸೋರುತ್ತದೆ, ಯಾರೂ ನೋಡದಿದ್ದರೆ ಒಳ್ಳೆಯದೇ ಎಂದುಕೊಂಡೆ. ಆದರೂ ಮಧ್ಯಾಹ್ನ ಬಹಳ ಉದ್ದ.

ಹೋದ ವರ್ಷ ಸ್ಕೂಲಿನಲ್ಲಿ ಬಾಯಿ ತಪಾಸಣೆಯ ಕ್ಯಾಂಪ್ ಇಟ್ಟರು. ಪಂಚಾಯಿತಿಯವರು ಆಟೋಗೆ ಮೈಕ್ ಕಟ್ಟಿ ಕೂಗಿಸಿದರು. ಮಹಿಳಾ ಸಂಘದವರು ಮನೆಮನೆಗೂ ಚೀಟಿ ಕೊಟ್ಟರು. ಹೆಂಗಸರು ಮಾತ್ರ ಹಿಂದೇಟು ಹಾಕಿದರು. ಹೋದವಳಿಗೆ ರೋಗ ಇದೆ ಎಂದೇ ಲೆಕ್ಕ.

ಕ್ಯಾಂಪಿನ ದಿನ ಬೆಳಗ್ಗೆ ಓರಗಿತ್ತಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಕೊಬ್ಬರಿ ಅಗಿಯುತ್ತಿದ್ದಳು. ನೋಡಿದೆ. ಬೀದಿ ದಾಟಿದೆ.

“ಎಷ್ಟು ದಿವ್ಸದಿಂದ ಕೊಬ್ರಿ ತಿಂತಿದ್ದೀಯೇ?”

“ಸುಣ್ಣ ಸುಟ್ಟೈತೆ ಕಣಕ್ಕ. ಒಸಿ ಉರಿ.”

“ಎಷ್ಟು ದಿವ್ಸ ಅಂದೆ.”

“ಗೌರಿಹಬ್ಬದಿಂದ.”

“ಬಾಯಿ ತಗಿ.”

“ಓಗಕ್ಕ, ನೀನ್ಯಾವ ಡಾಕ್ಟ್ರಮ್ಮ?”

“ನಿನಗಿಂತ ಮುಂಚೆ ಕೊಬ್ರಿ ತಿಂದೋಳು. ಈ ಮೂತಿ ನೋಡು. ಇದು ಬೇಕಾ ನಿಂಗೆ?”

ಅವಳಿಗೆ ಸಿಟ್ಟು ಬಂತು. “ನಿನ್ ಜತೆ ಕ್ಯಾಂಪಿಗೆ ಬಂದ್ರೆ ನಂಗೂ ಬ್ಯಾರೆ ಲೋಟ ಇಕ್ತಾರೆ.”

ಸರಿಯಾಗೇ ಹೇಳಿದಳು. ನನಗೆ ಬೇರೆ ಲೋಟ ಇಟ್ಟವರಲ್ಲಿ ಅವಳೇ ಮೊದಲನೆಯವಳು.

“ಬ್ಯಾರೆ ಲೋಟದಾಗೂ ಕಾಫಿ ಕಾಫಿನೇ ಕಣೇ. ದವಡೆ ಓದ್ರೆ ಕುಡಿಯಾಕೂ ಆಗಕಿಲ್ಲ. ನಾನು ಜತೆಗೆ ಬರಾಕಿಲ್ಲ, ನೀನೇ ಓಗು.”

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಕಿಟಕಿಯಿಂದ ನೋಡುತ್ತಾ ಕೂತೆ. ಮಧ್ಯಾಹ್ನ ಕಳೆದರೂ ಅವಳು ಅಲ್ಲಾಡಲಿಲ್ಲ. ಕ್ಯಾಂಪ್ ಮುಗಿಯುವ ಹೊತ್ತಿಗೆ ಸೆರಗು ಹೊದ್ದು, ಡೈರಿಗೆ ಹಾಲು ಹಾಕುವವಳ ಹಾಗೆ ಕ್ಯಾನು ಹಿಡಿದು ಹೊರಟಳು. ಡೈರಿ ಇರುವುದು ಆಚೆ ದಿಕ್ಕಿಗೆ.

ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತೇನೋ ಎಂದರಂತೆ. ಎಲೆಅಡಿಕೆ, ಹೊಗೆಸೊಪ್ಪು ಎರಡನ್ನೂ ಬಿಡಿಸಿದ್ದಾರೆ. ಅವಳು ಆಗಾಗ ಬಸ್ಸಿನಲ್ಲಿ ಮಾಗಡಿ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರಬೇಕು. ಇಷ್ಟೂ ಆಶಾ ಹುಡುಗಿ ಹೇಳಿದ್ದು. ಓರಗಿತ್ತಿ ಅವತ್ತಿನಿಂದ ನನ್ನೊಡನೆ ಮಾತಾಡಿಲ್ಲ. ಬೇಡ ಬಿಡು. ಮಾಗಡಿಗೆ ಹೋಗಬೇಕಾದ ದಿನ ಯಾವುದೆಂದು ನನಗೆ ಗೊತ್ತಿರುತ್ತದೆ. ಬಸ್ಸಿನ ಹೊತ್ತಾದರೂ ಅವಳು ಹೊರಡದಿದ್ದರೆ ಆಶಾ ಹುಡುಗಿಗೆ ಫೋನ್ ಮಾಡುತ್ತೇನೆ.